ವಳಿವಡೆಯ ಮಕ್ಕಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಮದುವೆ ನಿಶ್ಚಯವಾಯಿತೆಂದರೆ ಜವಳಿಗಾಗಿ ಕೊಲ್ಲಾಪುರದ ಮಗ್ಗುಲಿನ ಗಾಂಧಿನಗರಕ್ಕೆ ಹೋಗಿಬರುವುದುಂಟು. ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದು ನಿಪ್ಪಾಣಿ, ಕಾಗಲಗಳನ್ನು ದಾಟಿದರೆ ಸಿಂಧಿ ವರ್ತಕರ ಆ ಪೇಟೆ ದೂರವೇನಲ್ಲ. ಅಲ್ಲಿಯ ಸೀರೆಗಳ ದರ ನಮ್ಮ ತಾಯಂದಿರಿಗೆ ಬಾಯಿಪಾಠ. ಆದರೆ ಆ ಅಂಗಡಿಸಾಲುಗಳು ನಿಂತ ನೆಲದಲ್ಲಿ ಒಂದು ಕಾಲಕ್ಕೆ ಯುರೋಪಿನ ಪೋಲೆಂಡ್ ದೇಶದ ಸುಮಾರು ಐದು ಸಾವಿರ ನಿರಾಶ್ರಿತರು ಬಾಳಿದ್ದರೆಂಬುದನ್ನು ಬಲ್ಲವರು ವಿರಳ. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಮಕ್ಕಳಲ್ಲಿ ಅನಾಥರೂ ಅನೇಕರು.

೧೯೩೯ರ ಸೆಪ್ಟೆಂಬರ್ ೧ರಂದು ಜರ್ಮನಿ ಪಡುವಲಿನಿಂದಲೂ, ೧೭ರಂದು ಸೋವಿಯತ್ ರಷ್ಯ ಮೂಡಲಿನಿಂದಲೂ ಪೋಲೆಂಡಿನ ಮೇಲೆರಗಿದವು. ಮೂಡಣ ಭಾಗದ ಲಕ್ಷಾಂತರ ಜನರನ್ನು ೧೯೪೦-೪೧ರಲ್ಲಿ ದನ ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ ಸೈಬೀರಿಯ, ಕಜಾಕಿಸ್ತಾನಗಳಿಗೆ ಒಯ್ಯಲಾಯಿತು. ಚಳಿ, ಹಸಿವು, ವಿಷಮಶೀತಜ್ವರ ಇವು ಮೊದಲು ಹಿರಿಯರನ್ನೂ ಎಳೆಗೂಸುಗಳನ್ನೂ ನುಂಗಿದವು. ೧೯೪೧ರ ಜೂನ್‌ನಲ್ಲಿ ಜರ್ಮನಿ ರಷ್ಯದ ಮೇಲೆಯೇ ತಿರುಗಿಬಿದ್ದಾಗ, ಪೋಲೆಂಡಿನ ದೇಶಭ್ರಷ್ಟ ಸರ್ಕಾರದೊಡನೆ ಒಪ್ಪಂದವಾಗಿ ಬಂದಿಗಳ ಬಿಡುಗಡೆಯಾಯಿತು. ೧೯೪೨ರಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್ ಸೇರಿದರು. ಗಂಡಸರು ಸೈನ್ಯಕ್ಕೆ ಹೋದರು. ಉಳಿದವರನ್ನು ಇಟ್ಟುಕೊಳ್ಳುವರಾರು?

ಆಗ ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿಯವರು ಜಾಮನಗರದ ಸಮೀಪದ ಬಾಲಾಚಡಿಯಲ್ಲಿ ಮಕ್ಕಳಿಗೆ ನೆಲೆ ಕೊಟ್ಟರು. ದೊಡ್ಡ ವಸಾಹತು ಎದ್ದದ್ದು ಮಾತ್ರ ೧೯೪೩ರಲ್ಲಿ, ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ. ವಿಚಿತ್ರವೆಂದರೆ, ಆ ವೇಳೆಗೆ ಕೊಲ್ಲಾಪುರದ ಗಾದಿಯ ಮೇಲಿದ್ದವನೂ ದತ್ತು ತಂದ ಒಂದು ಹಸುಳೆಯೇ. ಅವನೂ ೧೯೪೬ರಲ್ಲಿ, ಐದು ವರ್ಷ ತುಂಬುವ ಮೊದಲೇ ತೀರಿಕೊಂಡ. ಕಿತ್ತೂರಿನ ದತ್ತಕದ ಕಥೆ ಕೇಳುತ್ತ ಬೆಳೆದ ನಮ್ಮ ಸೀಮೆಯವರಿಗೆ ಇದು ತಟ್ಟನೆ ನೆನಪಾಗುವ ಸಂಗತಿ.

ವಳಿವಡೆಯಲ್ಲಿ ಸಾಲು ಸಾಲು ಹಂಚಿನ ಮನೆಗಳು, ಶಾಲೆಗಳು, ದವಾಖಾನೆ, ಇಗರ್ಜಿ, ನಾಟಕಶಾಲೆ ಎಲ್ಲವೂ ಇದ್ದವು. ಪಾಠಗಳು ಪೋಲಿಷ್ ಭಾಷೆಯಲ್ಲಿಯೇ ನಡೆದವು. ಮೂರು ವರ್ಷ ಅಕ್ಷರವನ್ನೇ ಕಾಣದಿದ್ದ ಮಕ್ಕಳು ಪಂಚಗಂಗೆಯ ಸೀಮೆಯಲ್ಲಿ ತಮ್ಮ ನುಡಿಯನ್ನು ಮರಳಿ ಪಡೆದರು. ಅನ್ನವಿತ್ತವರನ್ನು ನಾವು ಸ್ಮರಿಸುತ್ತೇವೆ. ಅನ್ನದ ಸಂಗಡ ಅವರವರ ಮಾತನ್ನೂ ಉಳಿಸಿಕೊಡುವ ಆಶ್ರಯ ಇನ್ನೂ ಹಿರಿದೆಂದು ನನಗೆ ತೋರುತ್ತದೆ.

ಯುದ್ಧ ಮುಗಿದರೂ ಆ ಮಕ್ಕಳಿಗೆ ಊರು ದಕ್ಕಲಿಲ್ಲ. ಅವರ ಹುಟ್ಟೂರುಗಳು ಸೋವಿಯತ್ ಸೀಮೆಗೆ ಸೇರಿಹೋಗಿದ್ದವು. ೧೯೪೮ರ ಹೊತ್ತಿಗೆ ವಸಾಹತು ಬರಿದಾಗಿ, ಕೆಲವರು ಪೋಲೆಂಡಿಗೂ ಹಲವರು ಇಂಗ್ಲೆಂಡ್, ಆಸ್ಟ್ರೇಲಿಯ, ಅಮೆರಿಕಗಳಿಗೂ ಚದುರಿದರು. ಪೋಲೆಂಡಿಗೆ ಮರಳಿದವರು ಅಲ್ಲಿಯ ಕಮ್ಯುನಿಸ್ಟ್ ಆಡಳಿತದಲ್ಲಿ ಸೈಬೀರಿಯದ ಮಾತನ್ನು ಬಹಿರಂಗವಾಗಿ ಎತ್ತುವಂತಿರಲಿಲ್ಲ. ೧೯೮೯ರ ತನಕವೂ ಅದು ಬಾಯಿಕಟ್ಟಿದ ಮಾತು. ಹೀಗಾಗಿ ಒಂದು ರಾಷ್ಟ್ರದ ಇತಿಹಾಸದ ಪುಟವನ್ನು ಕಾಪಿಡುವ ಹೊಣೆ ಹತ್ತು ಹನ್ನೆರಡು ವರ್ಷಕ್ಕೆ ವಳಿವಡೆ ಬಿಟ್ಟುಹೋದವರ ಮೇಲೆ ಬಿತ್ತು. ಅವರು ಪರದೇಶಗಳಲ್ಲಿ ಸಂಘ ಕಟ್ಟಿಕೊಂಡರು, ಕಾಲಕಾಲಕ್ಕೆ ಕೂಡಿದರು, ಭಾರತದ ದಿನಗಳ ನೆನಪುಗಳನ್ನು ದಾಖಲೆಗಳ ಸಮೇತ ದೊಡ್ಡ ಗ್ರಂಥವಾಗಿಸಿ ಲಂಡನ್ನಿನಲ್ಲಿ ಪ್ರಕಟಿಸಿದರು. ಮುಪ್ಪಿನಲ್ಲಿ ಕೊಲ್ಲಾಪುರಕ್ಕೂ ಬಂದರು. ೨೦೧೯ರಲ್ಲಿ ಬಂದವರು ಎಂಬತ್ತರ ಆಜುಬಾಜಿನವರು. ವಾರ್ಸಾ ನಗರದಲ್ಲಿ ಜಾಮ್‌ಸಾಹೇಬರ ಹೆಸರಿನ ಸ್ಮಾರಕದಂತೆ ಕೊಲ್ಲಾಪುರದ ಹೆಸರಿನದೂ ಒಂದಿದೆ. ೨೦೨೪ರ ಆಗಸ್ಟ್‌ನಲ್ಲಿ ಭಾರತದ ಪ್ರಧಾನಿಯವರು ಅಲ್ಲಿ ಹೂಮಾಲೆ ಇರಿಸಿದರು. ಸರ್ಕಾರಗಳು ಕಲ್ಲು ನಿಲ್ಲಿಸಿದ್ದು ತೀರ ಈಚೆಗೆ. ಅದಕ್ಕೂ ಮುಂಚಿನ ಐವತ್ತು ವರ್ಷ ಆ ಊರಿನ ಹೆಸರನ್ನು ಬಾಯಲ್ಲಿಟ್ಟುಕೊಂಡು ಬದುಕಿದವರು ಈ ಮಕ್ಕಳು.

ಇಲ್ಲಿಯೇ ಕಥೆಯ ಇನ್ನೊಂದು ಮಗ್ಗುಲು ತೆರೆಯುತ್ತದೆ. ಪೋಲಿಷರು ತೆರವು ಮಾಡಿದ ಮನೆಗಳಿಗೆ ಬಂದವರು ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿಗಳು. ಅವರೂ ಮಕ್ಕಳುಮರಿಗಳೊಡನೆ ಬಂದವರೇ. ವಳಿವಡೆ ಬಿಡಾರ ಗಾಂಧಿನಗರವಾಯಿತು. ನಿರಾಶ್ರಿತರ ಕೈಯಲ್ಲಿ ಅದು ಜವಳಿಪೇಟೆಯಾಗಿ ಬೆಳೆಯಿತು. ಕೆಲವು ವರ್ಷಗಳ ಹಿಂದೆ ಅಲ್ಲಿಯ ಅಂಗಡಿಯೊಂದರ ಗಾದಿಯ ಮೇಲೆ ಕುಳಿತಿದ್ದ ಮುದುಕರೊಬ್ಬರನ್ನು ಮಾತಿಗೆಳೆದೆ. ಬೆಳಗಾವಿ ಸೀಮೆಯ ಗಿರಾಕಿಗಳಿಂದ ಕಲಿತ ಕನ್ನಡದಲ್ಲಿ, "ಅಜ್ಜಾರ, ನಾನು ಅವ್ವನ ಬಗಲಾಗ ಕುಂತು ಬಂದಾಂವ. ನನಗೇನ ನೆನಪೈತ್ರಿ? ಅಕೀ ಹೇಳಿದ್ದಷ್ಟು ನೆನಪು" ಎಂದರು. ತಾಯಿ ಬೀಗ ಹಾಕಿ ಬಂದ ಮನೆಯ ಕೀಲಿಕೈಯನ್ನು ಸಾಯುವವರೆಗೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳಂತೆ. ಅಷ್ಟು ಹೇಳಿ ಮುಂದಿನ ಗಿರಾಕಿಗೆ ಧೋತರ ಬಿಚ್ಚಿ ತೋರಿಸತೊಡಗಿದರು.

ಪೋಲಿಷ್ ಮಕ್ಕಳ ಬಗ್ಗೆ ಗ್ರಂಥಗಳಿವೆ, ಸ್ಮಾರಕಗಳಿವೆ, ಅದು ಯೋಗ್ಯವೇ. ಅದೇ ಸೂರಿನ ಕೆಳಗೆ ಬೆಳೆದ ಸಿಂಧಿ ಮಕ್ಕಳ ನೆನಪನ್ನು ಅಷ್ಟೇ ಶ್ರದ್ಧೆಯಿಂದ ಬರೆದಿಡುವ ಕೆಲಸವೂ ಆಗಬೇಕು. ಸಿಂಧಿಗಳನ್ನೇ ಏಕೆ ಹೇಳಬೇಕು? ಮೂಡಲಗಿಯಿಂದ ಮೂಡಣಕ್ಕೆ ಮುಧೋಳ ಸೀಮೆಯ ಹಲಗಲಿಯಿದೆ. ೧೮೫೭ರ ನವೆಂಬರ್ ಕೊನೆಯಲ್ಲಿ, ಆಯುಧ ಒಪ್ಪಿಸಲಾರೆವೆಂದ ಬೇಡರ ಮೇಲೆ ಕಂಪನಿ ಸೈನ್ಯ ಏರಿಹೋಗಿ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿತು. ಆ ಕಥೆಯನ್ನು ನಮಗೆ ದಾಟಿಸಿದ್ದು ಲಾವಣಿ. ಫ್ಲೀಟ್ ಸಾಹೇಬರು ಅದನ್ನು ಬರೆಸಿಕೊಂಡು ೧೮೮೫ರಲ್ಲಿ ಅಚ್ಚು ಹಾಕಿಸಿದಾಗ, ಉರಿಯುವ ಊರಿನಿಂದ ಓಡಿ ಉಳಿದ ಮಕ್ಕಳು ಮೂವತ್ತು ನಲವತ್ತರ ಪ್ರಾಯದವರಾಗಿ ಇದೇ ಸೀಮೆಯಲ್ಲಿ ಇದ್ದಿರಲೇಬೇಕು. ವೀರರ ಹೆಸರುಗಳು ನಮಗೆ ಗೊತ್ತು. ಆ ಮಕ್ಕಳಲ್ಲಿ ಒಬ್ಬರ ಮಾತನ್ನಾದರೂ ಕುಳಿತು ಕೇಳಿ ಬರೆದುಕೊಂಡವರನ್ನು ನಾನು ಕಾಣೆ.

೧೯೪೨ರಲ್ಲಿ ಎಂಟು ವರ್ಷವಿದ್ದ ಪೋಲಿಷ್ ಮಗುವಿಗೆ ಇಂದು ತೊಂಬತ್ತು ದಾಟಿದೆ. ೧೯೪೭ರಲ್ಲಿ ಅವ್ವನ ಬಗಲಲ್ಲಿ ಬಂದವರಿಗೂ ಎಂಬತ್ತರ ಸಮೀಪ.

ಈ ಸಲ ಜವಳಿಗೆಂದು ಹೋಗುವ ವಾಚಕ ಬಂಧುಗಳು ಒಂದು ತಾಸು ಬಿಡುವು ಮಾಡಿಕೊಂಡು ಕೊಲ್ಲಾಪುರದ ಮಹಾವೀರ ಉದ್ಯಾನಕ್ಕೂ ಹೋಗಿಬರಬಹುದು. ಪೋಲಿಷರ ಸ್ಮಾರಕಸ್ತಂಭ ಅಲ್ಲಿದೆ. ಮೊಮ್ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಒಳಿತು. ಅಂಗಡಿಯಲ್ಲಿ ಅವರಿಗೆ ಹೇಗೂ ಬೇಸರವೇ.