ಅಪ್ಪನ ಕೌಜುಗದ ಗೂಡು

ಈ ಸಲ ಹಿಪ್ಪುನೇರಳೆ ವಿಷಯ ಅಲ್ಲ, ರೇಟಿನ ವಿಷಯಾನೂ ಅಲ್ಲ. ಒಂದು ಹಳೇ ಬಿದಿರು ಗೂಡು ರಿಪೇರಿ ಮಾಡಿದ ಕಥೆ. ಸ್ವಲ್ಪ ಉದ್ದ ಐತೆ, ಪುರುಸೊತ್ತಾದಾಗ ಓದಿ.

ನಮ್ಮಪ್ಪನಿಗೆ ಈಗ 84. ಎರಡು ವರ್ಷದಿಂದ ನೆನಪು ಹೋಗ್ತಾ ಐತೆ. ಒಂದೊಂದು ದಿನ ನನ್ನನ್ನೇ "ಯಾವೂರಪ್ಪಾ ನಿಂದು?" ಅಂತಾರೆ. ಆದರೆ ಮಳೆಗಾಲದಿಂದ ಒಂದೇ ಮಾತು ಹಿಡಿದಿದ್ದಾರೆ. "ನನ್ನ ಗೂಡು ಎಲ್ಲಿಟ್ಟೆ? ನೆನೆಯುತ್ತೆ, ಒಳಗಿಡು."

ರೇಷ್ಮೆ ಗೂಡು ಅಂದ್ಕೊಂಡಿದ್ದೆ. ಅದಲ್ಲ, ಕೌಜುಗದ ಗೂಡು ಅಂತ ಹೇಳಿದ್ದು ಅಮ್ಮ.

ಈಗಿನ ಹುಡುಗರಿಗೆ ಗೊತ್ತಿರಲ್ಲ. ಆಗ ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೆಟ್ಟದ ತಪ್ಪಲಲ್ಲಿ ಕೌಜುಗ ಹಿಡಿಯೋರು ಇದ್ದರು. ಕೌಜುಗದ ಮೊಟ್ಟೆ ತಂದು ಕೋಳಿ ಕಾವಿಗೆ ಇಟ್ಟು ಮರಿ ಮಾಡಿಸೋರು. ಗೆದ್ದಲು, ನವಣೆ ಹಾಕಿ ಗಂಡು ಮರೀನ ಕೈಯಲ್ಲೇ ಸಾಕೋರು. ಅದೇ ದೀಮದ ಹಕ್ಕಿ. ಬೆಳಗಿನ ಜಾವ ಗೂಡಿಗೆ ಬಟ್ಟೆ ಮುಚ್ಚಿ ಹೊತ್ಕೊಂಡು ಹೋಗಿ, ಪೊದೆ ಪಕ್ಕ ಇಟ್ಟು, ಸುತ್ತ ಗೂಟ ಹೊಡೆದು ಉರುಲು ಕಟ್ಟೋರು. ಬಟ್ಟೆ ತೆಗೆದರೆ ಹಕ್ಕಿ ಕೂಗುತ್ತೆ. ನನ್ನ ಜಾಗಕ್ಕೆ ಯಾವನೋ ಬಂದ ಅಂತ ಕಾಡಿನ ಗಂಡು ಜಗಳಕ್ಕೆ ಓಡಿ ಬರುತ್ತೆ. ಕಾಲು ಉರುಲಿಗೆ ಸಿಗುತ್ತೆ. ಅಷ್ಟೇ.

ನಮ್ಮಪ್ಪ ಅದರಲ್ಲಿ ಪಳಗಿದ ಕೈ. ಕೈವಾರ, ಅಂಬಾಜಿದುರ್ಗದ ತನಕ ನಡೆದು ಹೋಗೋರು. ವನ್ಯಜೀವಿ ಕಾಯ್ದೆ ಬಂದಿದ್ದು 1972ರಲ್ಲಿ. ನಮ್ಮೂರಿಗೆ ಆ ಸುದ್ದಿ ಮುಟ್ಟೋಕೆ ಇನ್ನೂ ಹತ್ತು ವರ್ಷ ಬೇಕಾಯ್ತು. ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ಸಾಯಂಕಾಲ ಅಪ್ಪನೇ ಗೂಡಿನ ಬಾಗಿಲು ತೆಗೆದು ಹಕ್ಕಿ ಬಿಟ್ಟರು. ಅದು ಎರಡು ದಿನ ಕೊಟ್ಟಿಗೆ ಹತ್ರಾನೇ ಓಡಾಡ್ತಿತ್ತು, ಆಮೇಲೆ ಕಾಣಲಿಲ್ಲ. ಕಾಯ್ದೆಗೆ ಹೆದರಿ ಬಿಟ್ರೋ, ಮನಸ್ಸಿಗೇ ಬೇಡ ಅನ್ನಿಸ್ತೋ, ನಾನು ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವರಿಗೇ ನೆನಪಿಲ್ಲ.

ಅಟ್ಟ ಹತ್ತಿ ಹುಡುಕಿದೆ. ಒಲೆ ಮೇಲಿನ ಅಟ್ಟ ಆದ್ದರಿಂದ ಹೊಗೆ ಹಿಡಿದು ಗೂಡು ಕಪ್ಪಗೆ ಗಟ್ಟಿಯಾಗಿತ್ತು. ಆದರೂ ಏಳೆಂಟು ಕಡ್ಡಿ ಹೋಗಿದ್ದವು. ತಟ್ಟಿದರೆ ಬಿಳೀ ಹಿಟ್ಟು ಉದುರ್ತಿತ್ತು. ತಳದ ಹಲಗೆ ಸೀಳಿತ್ತು.

ನಮ್ಮ ಚಂದ್ರಿಕೆ ಸರಿ ಮಾಡಿಕೊಡೋ ಮೇದರ ಹಿರಿಯರ ಹತ್ರ ಹೋದೆ. "ನಾನು ಮಾಡಿಕೊಡಲ್ಲ, ತೋರಿಸಿಕೊಡ್ತೀನಿ, ನಿಮ್ಮಪ್ಪನಿಗೆ ನೀನೇ ಮಾಡು" ಅಂದರು. ಅವರು ಹೇಳಿಕೊಟ್ಟಿದ್ದು ನಿಮಗೂ ಉಪಯೋಗಕ್ಕೆ ಬರುತ್ತೆ, ಬರ್ಕೊಳ್ಳಿ.

ಬಿದಿರಿಗೆ ಹುಳ ಬೀಳೋದು ಅದರೊಳಗಿನ ಗಂಜಿ ಅಂಶಕ್ಕೆ. ಎಳೇ ಬಿದಿರು ಬೇಡ, ಮೂರು ವರ್ಷ ಬಲಿತಿದ್ದು ತರಬೇಕು. ಎರಡು ಮೂರು ವಾರ ನೀರಲ್ಲಿ ಮುಳುಗಿಸಿಟ್ಟರೆ ಗಂಜಿ ಬಿಟ್ಟುಕೊಳ್ಳುತ್ತೆ. ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತೆ. ಸೀಳಿದ ಮೇಲೆ ಒಳಗಿನ ಮೆತ್ತನೆ ಭಾಗ ಹೆರೆದು ತೆಗೆದು, ಸಿಪ್ಪೆ ಇರೋ ಮೈಯನ್ನ ಹೊರಕ್ಕೆ ಮಾಡಿ ಬಗ್ಗಿಸಬೇಕು. ಬಾಳಿಕೆ ಇರೋದೇ ಆ ಸಿಪ್ಪೆಯಲ್ಲಿ. ಚಂದ್ರಿಕೆ ಪಟ್ಟಿಗೂ ಇದೇ ಲೆಕ್ಕ.

ಕೊನೆಗೆ ಬೇವಿನೆಣ್ಣೆ ಸವರಿದೆ. ಒಂದು ಎಚ್ಚರ: ಆ ಕೆಲಸ ಹುಳು ಮನೆ ಹತ್ರ ಮಾಡಬೇಡಿ, ಅದೇ ಕೈಯಲ್ಲಿ ಸೊಪ್ಪು ಮುಟ್ಟಬೇಡಿ.

ಹಳೇ ಕಡ್ಡೀಲಿ ಗಟ್ಟಿ ಇದ್ದಿದ್ದು ಒಂದನ್ನೂ ಬದಲಾಯಿಸಲಿಲ್ಲ. ಬಾಗಿಲ ಹತ್ರ ಅಪ್ಪನ ಬೆರಳು ಸವೆಸಿದ ಗುರುತು ಐತೆ. ಅಲ್ಲಿಗೆ ಎಣ್ಣೇನೂ ಹಚ್ಚಲಿಲ್ಲ.

ಗೂಡು ತಂದು ಮಂಚದ ಪಕ್ಕ ಇಟ್ಟೆ. ಅಪ್ಪ ಕೈಯಾಡಿಸಿ ನೋಡಿದರು. ಖುಷಿಯಾಯ್ತು ಅಂದ್ಕೊಂಡೆ. ಆದರೆ ಕೇಳಿದ್ದು, "ಹಕ್ಕಿ ಎಲ್ಲಿ?"

ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆ. ಊಟಾನೂ ಸೇರಲಿಲ್ಲ. ತಂಗಿ ಮಗ ಬಂದಿದ್ದ. "ಮಾವ, ಒಂದು ಹಿಡ್ಕೊಂಡು ಬರ್ತೀನಿ. ತಾತ ಇರೋ ತನಕ ಇರಲಿ, ಆಮೇಲೆ ಬಿಟ್ಟುಬಿಡೋಣ. ಯಾರು ನೋಡ್ತಾರೆ?" ಅಂದ. ಸುಳ್ಳು ಯಾಕೆ ಹೇಳಲಿ, ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದೆ. ಅಪ್ಪ ಇನ್ನೆಷ್ಟು ದಿನ? ಬೆಳಗ್ಗೆ ಎದ್ದು ಬೇಡ ಕಣಪ್ಪಾ ಅಂದೆ. ಹಿಡಿಯೋದೂ ತಪ್ಪು, ಸಾಕೋದೂ ತಪ್ಪು ಅಂತ ಕಾನೂನು ಐತೆ. ಅದಕ್ಕಿಂತ, ಬುದ್ಧಿ ಸರಿಯಿದ್ದಾಗ ಅಪ್ಪನೇ ತೆಗೆದ ಬಾಗಿಲನ್ನ ನಾನು ಯಾವ ಮುಖ ಇಟ್ಕೊಂಡು ಹಾಕಲಿ? ಅವನು ಮುಖ ಊದಿಸ್ಕೊಂಡು ಹೋದ. ಇನ್ನೂ ಮಾತಾಡಿಲ್ಲ.

ನಮ್ಮ ಪಡುವಲ ಬದುವಿನಲ್ಲಿ ಒಂದಷ್ಟು ಲಂಟಾನ, ಜಾಲಿ ಐತೆ. ಕಳೆನಾಶಕ ಹೊಡಿ ಅಂತ ಎಲ್ಲರೂ ಹೇಳಿದ್ದರೂ ಸೋಮಾರಿತನಕ್ಕೆ ಬಿಟ್ಟಿದ್ದೆ. ಅಲ್ಲಿ ಒಂದು ಜೋಡಿ ಕೌಜುಗ ಸೇರ್ಕೊಂಡಿವೆ. ಮಾರನೇ ದಿನ ಐದು ಗಂಟೆಗೇ ಅಪ್ಪನ ಮಂಚ ಜಗುಲಿಗೆ ತಂದು, ಗೂಡಿಗೆ ಹಳೇ ಪಂಚೆ ಮುಚ್ಚಿ ಪಕ್ಕದಲ್ಲಿಟ್ಟೆ. ಬೆಳಕು ಹರಿಯೋ ಹೊತ್ತಿಗೆ ಬದು ಕಡೆಯಿಂದ ಕೂಗು ಶುರುವಾಯ್ತು. ಅಪ್ಪನ ಕಿವಿ ಇನ್ನೂ ಚುರುಕು. ಗೂಡಿನ ಮೇಲೆ ಕೈ ಇಟ್ಕೊಂಡು, "ಗಂಟಲು ಚೆನ್ನಾಗೈತೆ" ಅಂದರು. ಆವತ್ತು ಒಂದು ಮುದ್ದೆ ಪೂರ್ತಿ ಉಂಡರು.

ಗೂಡೊಳಗೆ ಹಕ್ಕಿ ಇಲ್ಲ ಅಂತ ನಾನು ಹೇಳಿಲ್ಲ. ದಿನಾ ಬೆಳಗ್ಗೆ ಪಂಚೆ ಮುಚ್ಚಿ ಇಡ್ತೀನಿ. ಅಪ್ಪನಿಗೆ ಮೋಸ ಮಾಡ್ತಿದ್ದೀನಾ ಅಂತ ಒಂದೊಂದು ಸಲ ಅನ್ನಿಸುತ್ತೆ. ದೀಮ ಅಂದರೇನೇ ಮೋಸ ಅಲ್ವಾ, ಈಗ ನಾನೂ ಒಂದು ಒಡ್ಡಿದ್ದೀನಿ.

ಒಂದು ಮಾತು ಹೇಳಿ ಮುಗಿಸ್ತೀನಿ. ಕೌಜುಗ ತಿನ್ನೋದು ಗೆದ್ದಲು, ಹುಳ, ಉದುರಿದ ಕಾಳು. ಮೊಟ್ಟೆ ಇಡೋದು ನೆಲದ ಮೇಲೆ, ಪೊದೆ ಬುಡದಲ್ಲಿ. ನಾವು ಬದು ಪೂರ್ತಿ ಬೋಳು ಮಾಡಿದರೆ ಅದಕ್ಕೆ ಜಾಗ ಇಲ್ಲ. ಒಂದು ಬದು ಬಿಟ್ಟುಕೊಡಿ. ನಿಮ್ಮ ಕಡೆ ಇನ್ನೂ ಕೂಗುತ್ತಾ? ಗೌರಿಬಿದನೂರು ಕಡೆಯೋರೂ ತಿಳಿಸಿ.