ನಮ್ಮ ಫಿಯೆಟ್ಟಿನ ಆರೈಕೆ

ಅಕ್ಕಿಪೇಟೆಯಂಥ ಓಣಿಗಳ ಪೇಟೆಯಲ್ಲಿ ಮೋಟಾರು ಸಾಕುವುದೆಂದರೆ ಹಿತ್ತಲಿಲ್ಲದವನು ಎಮ್ಮೆ ಕಟ್ಟಿದಂತೆ. ಕಟ್ಟಲು ಜಾಗವಿಲ್ಲ, ಮಾರಲು ಮನಸ್ಸಿಲ್ಲ. ಆದರೂ ನಮ್ಮ ಮನೆಯ ಮುಂದೆ ಒಂದು ಫಿಯೆಟ್ ೧೧೦೦ ನಿಂತಿದೆ. ೧೯೬೬ರಲ್ಲಿ ನಮ್ಮ ತಂದೆಯವರು ಅದನ್ನು ಮನೆಗೆ ತಂದಾಗ ಬೀದಿಯ ತುಂಬ ಅಕ್ಕಿಯ ಮೂಟೆ ಹೊತ್ತ ಎತ್ತಿನ ಗಾಡಿಗಳು. ಈಗ ಪೇಟೆಗೆ ಅಕ್ಕಿಯ ಹೆಸರಷ್ಟೆ ಉಳಿದಿದೆ. ಔಷಧಿಯ ಸಗಟು ಅಂಗಡಿಗಳು ಬಂದು ಕುಳಿತಿವೆ. ಫಿಯೆಟ್ಟು ಮಾತ್ರ ನಿಂತಲ್ಲೇ ನಿಂತಿದೆ, ದಿನಕ್ಕೊಮ್ಮೆ ಕೆಮ್ಮಿ ಎಚ್ಚರಗೊಳ್ಳುತ್ತದೆ.

ಈ ಗಾಡಿಯ ವಂಶ ಇಟಲಿಯದು. ಟೊರಿನೊ ನಗರದಲ್ಲಿ ೧೮೯೯ರಲ್ಲಿ ಹುಟ್ಟಿದ ಕಂಪನಿ ೧೯೩೭ರಲ್ಲಿ ಮಾಡಿದ ಎಂಜಿನ್ನೇ ಇದರ ಮೂಲಪುರುಷ. ಅದನ್ನು ನಮ್ಮ ನಾಡಿಗೆ ಕರೆತಂದದ್ದು ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಂಪನಿ. ಅದರ ಸ್ಥಾಪಕ ವಾಲ್‌ಚಂದ್ ಹೀರಾಚಂದರು ಬೆಂಗಳೂರಿಗೆ ಪರಕೀಯರಲ್ಲ. ೧೯೪೦ರಲ್ಲಿ ಇಲ್ಲಿ ವಿಮಾನದ ಕಾರ್ಖಾನೆಗೆ ಅಡಿಪಾಯ ಹಾಕಿದವರೂ ಅವರೇ. ಇದೇ ಗಾಡಿ ಮುಂದೆ ೧೯೭೪ರಲ್ಲಿ 'ಪದ್ಮಿನಿ' ಎಂದು ನಾಮಕರಣ ಮಾಡಿಸಿಕೊಂಡು ಅಪ್ಪಟ ಭಾರತೀಯಳಾಯಿತು.

ಎಂಜಿನ್ನಿನ ಲೆಕ್ಕವೇನೂ ಕಷ್ಟದ್ದಲ್ಲ. ನಾಲ್ಕು ಸಿಲಿಂಡರು; ಒಂದೊಂದರ ಬಾಯಗಲ ೬೮ ಮಿಲಿಮೀಟರು; ಒಳಗಿನ ಪಿಸ್ಟನ್ನು ಏರಿ ಇಳಿಯುವ ದೂರ ೭೫. ನಾಲ್ಕನ್ನೂ ಕೂಡಿಸಿದರೆ ೧೦೮೯ ಘನ ಸೆಂಟಿಮೀಟರು. "ಹೆಚ್ಚುಕಡಿಮೆ ಒಂದು ಸೇರು ಅಕ್ಕಿ ಹಿಡಿಯೋ ಜಾಗ" ಎನ್ನುತ್ತಿದ್ದರು ನಮ್ಮ ತಂದೆ. ಮಂಡಿ ವರ್ತಕರಿಗೆ ಜಗತ್ತೆಲ್ಲ ಸೇರಿನಲ್ಲೇ ಅಳತೆಗೆ ಸಿಕ್ಕುತ್ತದೆ. ಆ ಒಂದು ಸೇರಿನೊಳಗೆ ಪೆಟ್ರೋಲಿನ ಹಬೆ ಹೊತ್ತುವುದಕ್ಕೂ ಒಂದು ಸರದಿಯಿದೆ: ಮೊದಲು ಒಂದನೆಯದು, ಆಮೇಲೆ ಮೂರು, ನಾಲ್ಕು, ಕೊನೆಗೆ ಎರಡು. ಪಂಕ್ತಿ ತಪ್ಪಿದರೆ ಗಾಡಿ ಹೊರಡುವುದಿಲ್ಲ.

ಕಷ್ಟವೆಲ್ಲ ಇರುವುದು ಲೋಹದಲ್ಲಿ. ಸಿಲಿಂಡರುಗಳು ಕೊರೆದಿರುವ ಕೆಳಭಾಗ ಎರಕದ ಕಬ್ಬಿಣ; ಅದರ ಮೇಲೆ ಕುಳಿತಿರುವ ಮುಚ್ಚಳ, ಅಂದರೆ ಹೆಡ್ಡು, ಅಲ್ಯೂಮಿನಿಯಂ. ಒಂದೇ ಕಾವಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಗುರವಾದದ್ದು, ಬೇಗ ಬಿಸಿ ಬಿಟ್ಟುಕೊಡುವಂಥದು ಎಂಬುದೇನೋ ನಿಜ. ಆದರೆ ಅತಿ ಕಾದರೆ ಸೊಟ್ಟಗಾಗುತ್ತದೆ. ಈ ಇಬ್ಬರ ನಡುವೆ ಹಾಳೆಯಂಥ ಒಂದು ಗ್ಯಾಸ್ಕೆಟ್ಟು. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಒಂದು ಕಡೆ ಎಣ್ಣೆ. ಮೂರೂ ಒಂದಕ್ಕೊಂದು ಸೋಕದಂತೆ ಅದು ತಡೆದಿರಬೇಕು.

ಆದ್ದರಿಂದ ತಂದೆಯವರ ಆರೈಕೆಯೆಲ್ಲ ಕಾವಿನ ಸುತ್ತಲೇ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಬಾನೆಟ್ಟು ತೆಗೆಯುವರು. ರೇಡಿಯೇಟರಿಗೆ ಬೋರಿನ ನೀರು ಕೂಡದು. ಅದರ ಉಪ್ಪು ನೀರೋಡುವ ದಾರಿಯಲ್ಲಿ ಗಟ್ಟಿ ಕಟ್ಟುತ್ತದೆಂದು ನಲ್ಲಿಯ ನೀರೇ ಆಗಬೇಕು. ಆಮೇಲೆ ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. ಗಾಳಿ ಬೀಸುವುದೂ ನೀರನ್ನು ಓಡಿಸುವುದೂ ಒಂದೇ ಬೆಲ್ಟು. ಅದು ಸಡಿಲವಾದರೆ ಎರಡೂ ಸೋತಂತೆ. ಕೊನೆಗೆ ಎಣ್ಣೆಯ ಕಡ್ಡಿಯನ್ನು ಒರೆಸಿ, ಮುಳುಗಿಸಿ, ಬೆಳಕಿಗೆ ಹಿಡಿಯುವರು. ನನಗೆ ಇದೆಲ್ಲ ಮುದುಕರ ಮಡಿಯಂತೆ ಕಾಣುತ್ತಿತ್ತು.

ನಮ್ಮ ಮನೆಯಲ್ಲೂ ಎರಡು ಲೋಹಗಳಿದ್ದವು. ಅವರು ಕಬ್ಬಿಣ; ನಾನು ಬೇಗ ಕಾಯುವ ಜಾತಿ. ನಡುವೆ ಅಮ್ಮ ಇದ್ದಷ್ಟು ದಿನ ನಮ್ಮ ಜಗಳ ಊಟದ ಮಣೆಯವರೆಗೆ ಬರುತ್ತಿರಲಿಲ್ಲ. ಆಕೆ ೧೯೮೬ರಲ್ಲಿ ತೀರಿಕೊಂಡಳು. ಮರುವರ್ಷ ಏಪ್ರಿಲ್‌ನಲ್ಲಿ ಒಂದು ದಿನ, ನಾನು ಮಂಡಿಯ ವ್ಯಾಪಾರ ಒಲ್ಲೆ, ಜಯನಗರದಲ್ಲಿ ಬೇರೆ ಮನೆ ಮಾಡುತ್ತೇನೆ ಎಂದು ಕೂಗಾಡಿ, ಬೀಗದಕೈ ಎಳೆದುಕೊಂಡು ಹೊರಟೆ. ಬಾನೆಟ್ಟು ತೆಗೆದು ನೋಡಲಿಲ್ಲ.

ಕಾಟನ್‌ಪೇಟೆ ದಾಟುವುದರೊಳಗೆ ಲಾರಿಗಳ ಮಧ್ಯೆ ಸಿಕ್ಕಿಬಿದ್ದೆ. ನಡು ಮಧ್ಯಾಹ್ನ. ಮುಕ್ಕಾಲು ಗಂಟೆ ಎಂಜಿನ್ನು ನಿಂತಲ್ಲೇ ಕುದಿಯಿತು. ಕೊನೆಗೆ ಬಾನೆಟ್ಟಿನಿಂದ ಆವಿ ಎದ್ದಾಗ, ಹತ್ತಿರದ ಹೋಟೆಲಿನಿಂದ ಒಂದು ಕೊಡ ತಣ್ಣೀರು ತಂದು ರೇಡಿಯೇಟರಿಗೆ ಸುರಿದೆ. ಕಾದ ಎಂಜಿನ್ನಿಗೆ ಅದಕ್ಕಿಂತ ದೊಡ್ಡ ದ್ರೋಹವಿಲ್ಲವೆಂದು ನನಗೆ ಆಗ ತಿಳಿಯದು. ಒಳಗೆಲ್ಲೋ 'ಟಿಕ್' ಎಂದಿತು. ಗಾಡಿಯನ್ನು ನಾಲ್ಕು ಜನ ನೂಕಿಕೊಂಡು ಮನೆಗೆ ತಂದೆವು. ಜಗಲಿಯಲ್ಲಿ ಕುಳಿತಿದ್ದ ತಂದೆ ಕೇಳಿದ್ದು ಒಂದೇ ಮಾತು: "ನೀರು ನೋಡ್ಕೊಂಡು ಹೊರಟ್ಯೇನೋ?" ಆಮೇಲೆ ಮಾತೇ ಇಲ್ಲ.

ಮರುದಿನ ಕಲಾಸಿಪಾಳ್ಯದಿಂದ ಮೇಸ್ತ್ರಿ ಬಂದರು. ಎಣ್ಣೆಯ ಕಡ್ಡಿ ಎಳೆದರು. ಡಿಕಾಕ್ಷನ್ನಿಗೆ ಹಾಲು ಬೆರೆಸಿದ ಬಣ್ಣ. ನೀರು ಎಣ್ಣೆಗೆ ಸೇರಿತ್ತು. ಹೆಡ್ಡು ಬಿಚ್ಚಿ, ಅದರ ಮೇಲೆ ಉಕ್ಕಿನ ಪಟ್ಟಿಯನ್ನು ನೇರವಾಗಿಟ್ಟು, ಸಂದಿನಲ್ಲಿ ತೆಳು ತಗಡು ತೂರಿಸಿ ತೋರಿಸಿದರು. "ಕಬ್ಬಿಣಕ್ಕೆ ಏನೂ ಆಗಿಲ್ಲ ಯಜಮಾನ್ರೇ. ಹೆಡ್ಡು ಬಾಗಿದೆ, ಒಡೆದಿಲ್ಲ. ಫೇಸಿಂಗ್ ಮಾಡಿಸಿದ್ರೆ ಸರಿಹೋಗ್ತದೆ. ಆದ್ರೆ ಒಂದೊಂದು ಸಲ ಹೆರೆದಾಗಲೂ ಹೆಡ್ಡು ತೆಳ್ಳಗಾಗ್ತದೆ. ಮತ್ತೆ ಮತ್ತೆ ಆಗೋ ಕೆಲಸ ಅಲ್ಲ ಇದು."

ಗ್ಯಾಸ್ಕೆಟ್ಟು ತರಲು ಜೆ.ಸಿ. ರಸ್ತೆಗೆ ತಂದೆ ತಾವಾಗಿ ಹೊರಟರು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಆದರೆ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತಿದ್ದೆವು. ಹೆಡ್ಡು ಕೂರಿಸುವಾಗ ಮೇಸ್ತ್ರಿ ನನ್ನ ಕೈಗೇ ಸ್ಪ್ಯಾನರು ಕೊಟ್ಟರು. ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಗೆ ಹೋಗಬೇಕು. ಒಂದನ್ನೇ ಪೂರ್ತಿ ಬಿಗಿಯದೆ ಎಲ್ಲವನ್ನೂ ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನಾಲ್ಕು ದಿನ ಓಡಿಸಿ, ಎಂಜಿನ್ನು ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಬೇಕು. ನಾನು ಅವಸರದಿಂದ ಒಂದನ್ನು ಬಲವಾಗಿ ತಿರುಗಿಸಿದಾಗ ತಂದೆ ನನ್ನ ಮಣಿಕಟ್ಟು ಹಿಡಿದು, "ಸಾಕು. ಇನ್ನೊಂದಕ್ಕೆ ಹೋಗು" ಎಂದರು. ಒಂದು ದಿನವಿಡೀ ಆದ ಮೇಲೆ ನನಗೆ ಹೇಳಿದ ಮೊದಲ ಮಾತು ಅದು.

ನಾನು ಜಯನಗರಕ್ಕೆ ಹೋದದ್ದೂ ಹೌದು, ಅವರು ತಡೆಯದೆ ಇದ್ದದ್ದೂ ಹೌದು. ಆದರೆ ಭಾನುವಾರ ಬೆಳಿಗ್ಗೆ ಬಾನೆಟ್ಟು ತೆಗೆಯಲು ಅಕ್ಕಿಪೇಟೆಗೆ ಬರುವುದನ್ನು ಮಾತ್ರ ತಪ್ಪಿಸಲಿಲ್ಲ. ಅವರು ಹೋದ ಮೇಲೆ ಈ ಮನೆಗೇ ಮರಳಿದೆ.

ಮೇಸ್ತ್ರಿ ಆಗಾಗ ಹೇಳುತ್ತಿದ್ದುದುಂಟು: "ಸದ್ದು ಮಾಡೋ ಟ್ಯಾಪೆಟ್ಟಿಗೆ ಹೆದರಬೇಡಿ ಸ್ವಾಮಿ, ಸದ್ದೇ ಮಾಡದ್ದಕ್ಕೆ ಹೆದರಿ." ಇದರಲ್ಲಿ ಶಾಸ್ತ್ರವಿದೆ. ವಾಲ್ವಿಗೂ ಅದನ್ನು ತಳ್ಳುವ ಕೈಗೂ ನಡುವೆ ಕೂದಲೆಳೆಯಷ್ಟು ಸಂದಿರಬೇಕು. ಸಂದು ಹೆಚ್ಚಾದರೆ ಟಕಟಕ ಎನ್ನುತ್ತದೆ, ಅಷ್ಟೆ. ಸಂದೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ, ಸದ್ದಿಲ್ಲದೆ ಸುಟ್ಟುಹೋಗುತ್ತದೆ. ೨೦೦೦ದ ಫೆಬ್ರವರಿಯಿಂದ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ನಿಂತಿತು. ಮಕ್ಕಳ ಆರೋಗ್ಯಕ್ಕೆ ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನುಗಳಲ್ಲಿ ವಾಲ್ವು ಕೂರುವ ಜಾಗಕ್ಕೆ ಆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಆ ಜಾಗ ಸವೆದು, ವಾಲ್ವು ಮೆಲ್ಲನೆ ಒಳಗಿಳಿದು, ಸಂದು ತಾನಾಗಿ ಮುಚ್ಚುತ್ತ ಬರಬಹುದು. ಈಗ ಪೆಟ್ರೋಲಿಗೆ ನೂರಕ್ಕೆ ೨೦ ಪಾಲು ಎಥೆನಾಲೂ ಸೇರಿದೆ. ಹಳೆಯ ರಬ್ಬರ್ ಕೊಳವೆಗಳಿಗೆ ಅದು ಒಗ್ಗದು. ಎಲ್ಲ ಬದಲಾಯಿಸಿದ್ದೇನೆ.

ಮೊನ್ನೆ ನನ್ನ ಮಗ, "ಅಪ್ಪ, ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ" ಎಂದು ಸ್ವಲ್ಪ ದನಿಯೇರಿಸಿಯೇ ಹೇಳಿದ. ನನಗೆ ಸಿಟ್ಟು ಬರಲಿಲ್ಲ. ಸಂದು ಇನ್ನೂ ಇದೆ, ಸದ್ದು ಬರುತ್ತಿದೆ ಎಂದುಕೊಂಡೆ. ನಾಳೆ ಬೆಳಿಗ್ಗೆ ನೀರು ನೋಡುವಾಗ ಅವನನ್ನೂ ಕರೆಯಬೇಕು.