ತುಳಿಯಬೇಡ, ತಿರುಗಿಸು

ಹೋದ ಭಾನುವಾರ ಬೆಳಿಗ್ಗೆ ಹೊನ್ನಾಳಿಯಿಂದ ನ್ಯಾಮತಿ ಕಡೆ ಹೊರಟಾಗ ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಸ್ವಲ್ಪ ಮುಂದೆ ಒಬ್ಬ ಹುಡುಗ ಹೋಗುತ್ತಿದ್ದ. ಹೆಣ್ಣುಮಕ್ಕಳ ಸೈಕಲ್ಲು, ಮುಂದಿನ ಬುಟ್ಟಿಯಲ್ಲಿ ಹಾಲಿನ ಕ್ಯಾನು. ನನ್ನ ಸೈಕಲ್ಲಿನ ಮೀಟರು ಗಂಟೆಗೆ 27 ಕಿ.ಮೀ. ತೋರಿಸುತ್ತಿತ್ತು, ನಮ್ಮಿಬ್ಬರ ನಡುವಿನ ದೂರ ಒಂದು ಮಾರೂ ಕಡಿಮೆಯಾಗಲಿಲ್ಲ. ಅವನ ಮೊಣಕಾಲುಗಳು ಹೊಲಿಗೆ ಮಿಷನ್ನಿನ ಸೂಜಿಯಂತೆ ಆಡುತ್ತಿದ್ದವು. ಸೊಂಟದ ಮೇಲಿನ ಮೈ ಮಾತ್ರ ತುಂಬಿದ ಕೊಡ ಹೊತ್ತವರ ಮೈಯಂತೆ ಅಲುಗದೆ ಇತ್ತು. ಇಂಥ ಕಾಲು ನೋಡಿ ಎಷ್ಟು ವರ್ಷವಾಗಿತ್ತು!

ಡೈರಿ ಮುಂದೆ ಇಳಿದಾಗ ಮಾತಾಡಿಸಿದೆ.

‘ಯಾರ್ದಪ್ಪಾ ಸೈಕಲ್ಲು?’

‘ಅಕ್ಕಂದು ಸಾರ್. ಎಂಟನೇ ಕ್ಲಾಸಲ್ಲಿ ಇಸ್ಕೂಲಿಂದ ಕೊಟ್ಟಿದ್ರು. ನಮ್ಗೆ ಕೊಡ್ಲಿಲ್ಲ.’

2006-07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಕೋವಿಡ್ ಬಂದಾಗ ನಿಂತುಹೋಯಿತು. ಅದು ಶಾಲೆಗೆ ಹೋಗುವ ಸೈಕಲ್ಲು, ರೇಸಿನದಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ನನ್ನ ಚೀಲದಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ, ಒಂದು ಅಳತೆ ಟೇಪು ಇರುತ್ತವೆ. ಪೆಡಲ್ಲನ್ನು ನೆಟ್ಟಗೆ ಕೆಳಗಿಟ್ಟು, ಹಿಂದಿನ ಚಕ್ರ ನೆಲ ಮುಟ್ಟಿದ ಕಡೆ ಗೆರೆ ಎಳೆಯಬೇಕು. ಪೆಡಲು ಒಂದು ಪೂರ್ತಿ ಸುತ್ತು ಬರುವ ತನಕ ಸೈಕಲ್ಲು ಹಿಂದಕ್ಕೆ ತಳ್ಳಿ ಇನ್ನೊಂದು ಗೆರೆ. ನಡುವಿನ ದೂರವೇ ಆ ಸೈಕಲ್ಲಿನ ಜಾತಕ. ಡೈರಿ ಮುಂದೆಯೇ ಅಳೆದೆವು: 5 ಮೀಟರ್ ಚಿಲ್ಲರೆ. ಹಲ್ಲು ಎಣಿಸಿದೆವು: ಮುಂದೆ 44, ಹಿಂದೆ 18. ನಿಮಿಷಕ್ಕೆ 90 ಸುತ್ತು ತಿರುಗಿಸಿದರೆ ಗಂಟೆಗೆ 27 ಕಿ.ಮೀ. ಆಗಲೇಬೇಕು. ಅಂದರೆ ಹಾಲು ತುಂಬಿದ ಕ್ಯಾನು ಇಟ್ಟುಕೊಂಡು, ಯಾರೂ ಹೇಳಿಕೊಡದೆ, ಆ ಹುಡುಗ ರೇಸಿನವರ ಲಯದಲ್ಲಿ ತಿರುಗಿಸುತ್ತಿದ್ದ.

ಇಲ್ಲೇ ನನಗೂ ನನ್ನ ಸವಾರ ಗೆಳೆಯರಿಗೂ ಜಗಳ. ಭಾರದ ಗೇರ್ ಹಾಕಿ, ಅಂದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವಂತೆ ಮಾಡಿ, ತುಳಿಸಿದರೆ ತೊಡೆ ಗಟ್ಟಿಯಾಗುತ್ತದೆ ಎನ್ನುವುದು ಅವರ ಮಂತ್ರ. ಹದಿಮೂರರ ಮಗುವಿಗೂ ಅದೇ ಮಂತ್ರ! ಜಗತ್ತಿನ ಸೈಕ್ಲಿಂಗ್ ಸಂಸ್ಥೆ ಯುಸಿಐ 2022ರ ಕೊನೆಯವರೆಗೂ 17-18ರ ಜೂನಿಯರ್ ಸವಾರರಿಗೆ ಒಂದು ಮಿತಿ ಇಟ್ಟಿತ್ತು: ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ಹೆಚ್ಚು ಹೋಗಬಾರದು. ರೇಸಿಗೆ ಮೊದಲು ನಾನು ಡೈರಿ ಮುಂದೆ ಅಳೆದ ಹಾಗೆಯೇ ಅಳೆಯುತ್ತಿದ್ದರು. ಆ ಗೇರಿನಲ್ಲೂ 90 ಸುತ್ತಿಗೆ 42 ಕಿ.ಮೀ. ದಾಟುತ್ತದೆ. ಈಗ ಆ ನಿಯಮ ತೆಗೆದಿದ್ದಾರೆ, ನನಗದು ಸರಿಯೆನಿಸಿಲ್ಲ.

ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯ ಒಬ್ಬ ಹುಡುಗನ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಪ್ಪ ಕಾರ್ಬನ್ ಸೈಕಲ್ ಕೊಡಿಸಿದರು. ಕಲಿಸಲು ಬಂದವರು ಸೂಳೆಕೆರೆ ಕಡೆಯ ದಾರಿಯಲ್ಲಿ ದಿನವೂ ಮುಂದೆ ದೊಡ್ಡ, ಹಿಂದೆ ಚಿಕ್ಕ ಹಲ್ಲುಚಕ್ರ ಜೋಡಿಸಿ ತುಳಿಸಿದರು. ಒಂದೇ ವರ್ಷ ಗೆದ್ದ. ಮರುವರ್ಷ ಮೊಣಕಾಲು ಹಿಡಿದು ಕೂತ, ಆಮೇಲೆ ಸೈಕಲ್ ಮುಟ್ಟಲಿಲ್ಲ. ಬೆಳೆಯುವ ಮೂಳೆಯ ಮೇಲೆ ಒಂದು ಕಪ್ಪಿಗಾಗಿ ಇಷ್ಟು ಭಾರ ಹೇರುವವರನ್ನು ನಾನು ಗುರು ಎಂದು ಕರೆಯಲಾರೆ.

ಗಾಳಿಯಾದರೂ ಅವರಿಗಿಂತ ಒಳ್ಳೆಯ ಗುರು. ಆಷಾಢದಲ್ಲಿ ದಾವಣಗೆರೆಯಿಂದ ಜಗಳೂರಿಗೆ ಹೊರಟರೆ ಪಡುವಣ ಗಾಳಿ ಬೆನ್ನು ನೂಕುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಕೈಯಿಟ್ಟು ತಡೆಯುತ್ತದೆ. ಮರಗಳೇ ಕಡಿಮೆ ಇರುವ ಬಯಲು. ಅಲ್ಲಿ ನಾಲ್ಕು ಮಕ್ಕಳನ್ನು ಸಾಲಾಗಿ ಬಿಟ್ಟು, ಮುಂದಿನವರ ಚಕ್ರಕ್ಕೆ ಒಂದು ಮೊಳ ಬಿಟ್ಟು ಹಿಂಬಾಲಿಸಿರಿ ಎನ್ನುತ್ತೇನೆ. ಮುಂದಿದ್ದವರು ದಣಿದಾಗ ಪಕ್ಕಕ್ಕೆ ಸರಿದು ಕೊನೆಗೆ ಬರಬೇಕು. ಮೊದಲ ಸಲ ಒಬ್ಬರ ಮರೆಯಲ್ಲಿ ಗಾಳಿ ಸತ್ತಾಗ ಮಕ್ಕಳ ಮುಖ ನೋಡಬೇಕು! ಭಾರದ ಗೇರಿನವರು ಈ ಸಾಲಿನಲ್ಲಿ ನಿಲ್ಲಲಾರರು. ಮುಂದಿನವರು ಚೂರು ವೇಗ ಹೆಚ್ಚಿಸಿದರೂ ಅವರ ಕಾಲು ಏಳುವುದಿಲ್ಲ, ಕೊಂಡಿ ಕಳಚುತ್ತದೆ.

‘ಸೈಕಲ್ ಹೊಡೆದ್ರೆ ಹೊಟ್ಟೆ ತುಂಬ್ತದೇನ್ರೀ?’ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಿಜಯಪುರ, ಬಾಗಲಕೋಟೆಯ ಮನೆಗಳಲ್ಲಿ ಉತ್ತರವಿದೆ: ಅಲ್ಲಿ ಸೈಕ್ಲಿಂಗಿಗೆ ಕ್ರೀಡಾ ವಸತಿನಿಲಯಗಳಿವೆ, ಅಲ್ಲಿಂದ ರೈಲ್ವೆಗೆ, ಸೇನೆಗೆ ಕೆಲಸಕ್ಕೆ ಸೇರಿದವರಿದ್ದಾರೆ. ಬೆಂಗಳೂರಿನ ನವೀನ್ ಜಾನ್ ಎಂಜಿನಿಯರಿಂಗ್ ಓದಿಯೂ ಸೈಕಲ್ಲನ್ನೇ ಆರಿಸಿಕೊಂಡು, ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದು, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಓಡಿಸಿದರು. ಟೂರ್ ಡಿ ಫ್ರಾನ್ಸ್‌ಗೆ ಮಾತ್ರ ಭಾರತೀಯರೊಬ್ಬರೂ ಈವರೆಗೆ ಹೋಗಿಲ್ಲ. ಎರಿಟ್ರಿಯಾದಂಥ ಸಣ್ಣ ಬಡ ದೇಶದ ಬಿನಿಯಾಮ್ ಗಿರ್ಮಾಯ್ 2024ರಲ್ಲಿ ಅದೇ ಟೂರಿನ ಮೂರು ಹಂತ ಗೆದ್ದು, ಅಂಕಗಳಲ್ಲಿ ಮೊದಲಿಗರ ಹಸಿರು ಅಂಗಿ ತೊಟ್ಟ. ಆ ನಾಡಿನಲ್ಲಿ ಸೈಕಲ್ ರೇಸು ಊರಹಬ್ಬ. ರಸ್ತೆಬದಿಯಲ್ಲಿ ನಿಂತು ಕೂಗುವ ಜನರಿದ್ದಾರೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಜಾತ್ರೆಗಳಿಗೆ ಬರವಿಲ್ಲ. ಕುಸ್ತಿಗೆ ಬಹುಮಾನವಿಡುವ ಊರು, ಒಂದು ಬೆಳಿಗ್ಗೆ ರಸ್ತೆಯ ಮೇಲಿನ ಮೆಕ್ಕೆಜೋಳದ ರಾಶಿ ಬದಿಗೆ ಸರಿಸಿ, ಶಾಲೆಯ ಸೈಕಲ್ಲುಗಳಿಗೇ ಒಂದು ರೇಸು ಇಟ್ಟರೆ ಎಷ್ಟು ಕಾಲುಗಳು ಹೊರಬರುತ್ತವೋ!

ಹುಡುಗ ಖಾಲಿ ಕ್ಯಾನು ಬುಟ್ಟಿಗಿಟ್ಟು ಹೊರಟ. ಹಿಂದಿನ ಚಕ್ರದಲ್ಲಿ ಎರಡು ಕಡ್ಡಿ ಸಡಿಲಾಗಿ ರಿಮ್ಮು ಓಲಾಡುತ್ತಿತ್ತು. ಈ ಭಾನುವಾರ ಆರಕ್ಕೆ ಅದೇ ಡೈರಿ ಮುಂದೆ ಬರುತ್ತೇನೆಂದಿದ್ದಾನೆ. ಕಡ್ಡಿ ಬಿಗಿಯುವ ಕೀ ಚೀಲಕ್ಕೆ ಹಾಕಿಟ್ಟಿದ್ದೇನೆ.